ಒಂಬತ್ತು–ಒಂಬತ್ತರ ಎರಡು ಸರ್ವ್

ಔರಾದ
16 ಜನವರಿ 2024

ಅತಿಯಾ,

ಫೋನು ಕೈಯಲ್ಲಿರುವಾಗ ಈ ಅಕ್ಕ ಲಕೋಟೆ ಅಂಟಿಸಿ ಯಾಕೆ ಕಳಿಸಿದಳು ಎಂದು ನಿನಗೆ ನಗು ಬರಬಹುದು. ಕಾರಣ ಮೊದಲೇ ಹೇಳಿಬಿಡುತ್ತೇನೆ, ಸುತ್ತಿ ಬಳಸಿ ಮಾತಾಡುವುದು ನನಗೆ ಬರುವುದಿಲ್ಲ. ವಾಟ್ಸಾಪಿನಲ್ಲಿ ಬರೆದರೆ ನೀನು ಒಂದು ಬೆರಳು ತಾಗಿಸಿದರೆ ಸಾಕು, ಅದು ವರದಾಳ ಫೋನಿಗೆ ಹೋಗುತ್ತದೆ. ಕಾಗದವಾದರೆ ಬಸ್ಸು ಹತ್ತಿ ಬೀದರಕ್ಕೆ ಹೋಗಿ ತೋರಿಸಬೇಕು. ಅಷ್ಟಾದರೂ ಕಷ್ಟಪಡು.

ನಾವಿಬ್ಬರೂ ಡಬಲ್ಸ್ ಆಡಲು ಶುರುಮಾಡಿ ಒಂಬತ್ತು ವರ್ಷವಾಯಿತು. ಔರಾದಿನಿಂದ ನಾನು, ಭಾಲ್ಕಿಯಿಂದ ನೀನು, ಭಾನುವಾರ ಬಂದರೆ ಬೀದರದ ಕೊಳಾರದಲ್ಲಿ ಗೋದಾಮಿನ ಮೇಲಿನ ಆ ಹಾಲ್. ವಾರವೆಲ್ಲ ನಾನು ಮಂದಿಯ ಹೊಲ ಅಳೆಯುವ ಸರ್ವೇಯರ್, ನೀನು ಆಸ್ಪತ್ರೆಯ ಕಿಟಕಿಯಲ್ಲಿ ಗುಳಿಗೆ ಕೊಡುವವಳು. ಆ ಮೂರು ತಾಸು ಮಾತ್ರ ನಾವು ಟೇಬಲ್ ಟೆನ್ನಿಸ್ ಆಟಗಾರರು. ಜಿಲ್ಲಾ ನೌಕರರ ಕ್ರೀಡಾಕೂಟದ ಫೈನಲ್ಲಿಗೆ ಮೂರು ಸಲ ಹೋದೆವು, ಮೂರೂ ಸಲ ವರದಾಳ ಜೋಡಿಗೆ ಸೋತೆವು. ಮೊದಲಿನ ಎರಡು ಸೋಲು ನಮ್ಮ ಕೈಯಾರೆ ಆದದ್ದು, ಒಪ್ಪುತ್ತೇನೆ. ಈ ತಿಂಗಳು ಏಳನೇ ತಾರೀಖಿನದು ಹಾಗಲ್ಲ.

ಐದನೇ ಗೇಮು, ಒಂಬತ್ತು–ಒಂಬತ್ತು. ಎರಡೂ ಸರ್ವ್ ನನ್ನವು. ಟೇಬಲಿನ ಅಂಚಿನ ಕೆಳಗೆ ನಿನಗೆ ಒಂದು ಬೆರಳು ತೋರಿಸಿದೆ. ಒಂದು ಬೆರಳೆಂದರೆ ನೆಟ್ಟಿನ ಹತ್ತಿರ ಬೀಳುವ ಗಿಡ್ಡ ಕಟ್ ಸರ್ವ್. ಎದುರಿನವರು ಅದನ್ನು ತಿರುಗಿಸಿದ ಮೇಲೆ ಮೂರನೇ ಹೊಡೆತ ನಿನ್ನದು, ಅದಕ್ಕೆ ನಿನಗೆ ಗೊತ್ತಿರಬೇಕು, ಇನ್ನಾರಿಗೂ ಗೊತ್ತಿರಬಾರದು. ಚೆಂಡು ನನ್ನ ಅಂಗೈ ಬಿಡುವ ಮೊದಲೇ ವರದಾ ಒಂದು ಹೆಜ್ಜೆ ಒಳಗೆ ಬಂದಿದ್ದಳು. ಮುಂದಿನದಕ್ಕೆ ಎರಡು ಬೆರಳು, ಉದ್ದನೆಯ ವೇಗದ ಸರ್ವ್. ಅವಳು ಆಗಲೇ ಹಿಂದೆ ಸರಿದು, ಮದುವೆ ಮನೆಯ ಬಾಗಿಲಲ್ಲಿ ಬೀಗರನ್ನು ಕಾಯುವಂತೆ ಕಾಯುತ್ತಿದ್ದಳು. ಒಂಬತ್ತು–ಹನ್ನೊಂದು.

ಬೆರಳಿನ ಗುಟ್ಟು ಗೊತ್ತಿರುವುದು ಇಬ್ಬರಿಗೇ. ನಾನು ಯಾರಿಗೂ ಹೇಳಿಲ್ಲ.

ಇಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಆದರೆ ಮ್ಯಾಚು ನೋಡಲು ಬಂದಿದ್ದ ನಮ್ಮ ಕಚೇರಿಯ ಸಿದ್ದೇಶ್ವರಿ ಮರುದಿನ ಬಂದು ಹೇಳಿದಳು: "ಅಕ್ಕಾರ, ನಿಮ್ಮ ಅತಿಯಾ ಆ ವರದಾಳ ಕೈ ಹಿಡಕೊಂಡು ಬಸ್‌ಸ್ಟ್ಯಾಂಡ್ ಕಡಿ ಹೊಂಟಿದ್ಳು ನೋಡ್ರಿ. ಸುಮ್ನ ಅಲ್ಲರಿ, ಗಟ್ಟಿ ಹಿಡಿದಿದ್ಳು." ಸೋತ ಒಂದು ತಾಸಿನೊಳಗೆ ಗೆದ್ದವಳ ಕೈ! ಒಂಬತ್ತು ವರ್ಷದಲ್ಲಿ ಒಂದು ಭಾನುವಾರವೂ ನೀನು ನನ್ನ ಜೊತೆ ಐದು ಗಂಟೆಯ ನಂತರ ನಿಂತಿಲ್ಲ. ಒಂದು ಕಪ್ ಚಹಾಕ್ಕೂ ನಿಂತಿಲ್ಲ. ಮನೆಯಲ್ಲಿ ಕೆಲಸ ಎನ್ನುತ್ತಿದ್ದೆ. ಯಾವ ಕೆಲಸವೆಂದು ನಾನು ಕೇಳಿರಲಿಲ್ಲ, ಈಗ ಕೇಳುತ್ತಿದ್ದೇನೆ.

ನಮ್ಮವರು, ಭಾಲಚಂದ್ರ, ನಗುತ್ತಾರೆ. "ಹೊಲ ಅಳದು ಅಳದು ನಿನಗ ಮಂದಿ ಎಲ್ಲಾ ಬಾಂದಕಲ್ಲು ಸರಿಸೋರೇ ಕಾಣಸ್ಲಾಕತ್ತಾರ" ಎನ್ನುತ್ತಾರೆ. ನಗಲಿ. ಹೊಲದ ಎಲ್ಲೆಯ ಕಲ್ಲು ತಾನಾಗಿ ನಡೆಯುವುದಿಲ್ಲ, ಯಾರೋ ಸರಿಸಿರುತ್ತಾರೆ. ಹದಿನೆಂಟು ವರ್ಷದ ನೌಕರಿಯಲ್ಲಿ ನಾನು ಕಲಿತದ್ದು ಇದೊಂದೇ.

ಸಂಕ್ರಾಂತಿಯ ಎಳ್ಳುಂಡೆ ಈ ವರ್ಷ ನಿನಗೆ ಕಳಿಸಿಲ್ಲ. ಉತ್ತರ ಬರೆ.

ನಲಿನಿ


ಭಾಲ್ಕಿ
24 ಜನವರಿ 2024

ನಲಿನಿ ಅಕ್ಕನವರಿಗೆ ಸಲಾಂ.

ನಾನು ಉರ್ದು ಶಾಲೆಯಲ್ಲಿ ಕಲಿತವಳು, ಕನ್ನಡದಲ್ಲಿ ಕಾಗದ ಬರೆದು ರೂಢಿಯಿಲ್ಲ. ಅದಕ್ಕೇ ಚಿಕ್ಕದಾಗಿ ಬರೆಯುತ್ತೇನೆ.

ನಿಮ್ಮ ಬೆರಳುಗಳು ಏನು ಹೇಳುತ್ತವೆ ಎಂದು ನಾನು ವರದಾಗೆ ಹೇಳಿಲ್ಲ. ಯಾರಿಗೂ ಹೇಳಿಲ್ಲ. ಆಣೆ ಇಡುವುದಿಲ್ಲ. ಒಂಬತ್ತು ವರ್ಷದ ಮೇಲೆ ಆಣೆ ಇಡಬೇಕಾದರೆ ಆ ಒಂಬತ್ತು ವರ್ಷ ನಾವು ಏನು ಮಾಡಿದೆವು?

ವರದಾಳ ಕೈ ಹಿಡಿದದ್ದು ನಿಜ. ಸಿದ್ದೇಶ್ವರಿ ಸುಳ್ಳು ಹೇಳಿಲ್ಲ. ಗಟ್ಟಿಯಾಗಿ ಹಿಡಿದಿದ್ದೆ ಎನ್ನುವುದೂ ನಿಜ. ಯಾಕೆ ಎಂದು ಹೇಳಲಾರೆ. ನೀವು ಒಳ್ಳೆಯ ಮಾತಿನಲ್ಲಿ ಕೇಳಿದ್ದರೆ ಹೇಳುತ್ತಿದ್ದೆನೇನೋ. ನೀವು ಕೇಳಲಿಲ್ಲ, ಪಂಚನಾಮೆ ಬರೆದು ಕಳಿಸಿದಿರಿ.

ಕಾಗದವನ್ನು ಯಾರಿಗೂ ತೋರಿಸಿಲ್ಲ.

ಅತಿಯಾ


ಔರಾದ
3 ಮಾರ್ಚ್ 2024

ಅತಿಯಾ,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಹೇಳಲಾರೆ ಎನ್ನುವವರು ನಮ್ಮ ಕಚೇರಿಗೂ ಬರುತ್ತಾರೆ. ಹೊಲದ ಕಾಗದ ಎಲ್ಲಿದೆ ಎಂದರೆ ಹೇಳಲಾರೆ ಎನ್ನುತ್ತಾರೆ, ಅಳೆದು ನೋಡಿದರೆ ನಾಲ್ಕು ಗುಂಟೆ ಪಕ್ಕದವನದು ಒಳಗೆ ಬಂದಿರುತ್ತದೆ.

ಎರಡು ಸಂಗತಿ ನಿನಗೆ ನನ್ನಿಂದಲೇ ಗೊತ್ತಾಗಲಿ. ಮುಂದಿನ ಕ್ರೀಡಾಕೂಟಕ್ಕೆ ನಾನು ಸಿದ್ದೇಶ್ವರಿಯ ಜೊತೆ ಆಡುತ್ತೇನೆ. ಹುಡುಗಿಯ ಕಾಲು ಚುರುಕು, ಎಡಕ್ಕೂ ಬಲಕ್ಕೂ ಜಿಂಕೆಯಂತೆ ಸರಿಯುತ್ತಾಳೆ. ಇಲ್ಲಿಯ ನೌಕರರ ಭವನದಲ್ಲಿ ಒಂದು ಹಳೆಯ ಟೇಬಲ್ ಇದೆ, ದಿನಾ ಸಂಜೆ ಅದರ ಮೇಲೆ ಆಡುತ್ತೇವೆ. ಬೆರಳಿನ ಸನ್ನೆ ಬಿಟ್ಟು ಹೊಸದು ಮಾಡಿಕೊಂಡಿದ್ದೇವೆ. ಅದೇನೆಂದು ಬರೆಯುವಷ್ಟು ದಡ್ಡಿ ನಾನಲ್ಲ.

ಎರಡನೆಯದು, ಕ್ರೀಡಾಕೂಟದ ಸಮಿತಿಗೆ ದೂರು ಬರೆದಿದ್ದೇನೆ. ನಿನ್ನ ಹೆಸರು ಹಾಕಿದ್ದೇನೆ, ವರದಾಳ ಹೆಸರೂ. ಸನ್ನೆ ಹೊರಗೆ ಹೋಗಿದೆ, ವಿಚಾರಣೆ ಆಗಲಿ ಎಂದು ಕೇಳಿದ್ದೇನೆ. ಭಾಲಚಂದ್ರ ಬೇಡವೆಂದರು. "ಮಾತು ಆಡಿದರ ಹೋಯ್ತು, ಮುತ್ತು ಒಡೆದರ ಹೋಯ್ತು, ಇನ್ನೊಮ್ಮೆ ವಿಚಾರ ಮಾಡು" ಎಂದರು. ಎರಡು ತಿಂಗಳು ನಾನು ಬೇರೆ ವಿಚಾರವನ್ನೇ ಮಾಡಿಲ್ಲ ಎಂದೆ.

ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ ಎಂದುಕೊಳ್ಳಬೇಡ. ಸಿಟ್ಟು ಜನವರಿಯಲ್ಲೇ ಮುಗಿಯಿತು. ಈಗ ಇರುವುದು ಸಂಕಟ. ಸೋತದ್ದಕ್ಕಲ್ಲ, ನೀನು ಸೋಲಿಸಿದ್ದಕ್ಕೆ.

ನಲಿನಿ


ಔರಾದ
19 ಜೂನ್ 2024

ಅತಿಯಾ,

ನೀನು ಉತ್ತರ ಬರೆಯಲಿಲ್ಲ. ಸಮಿತಿಯವರು ಏಪ್ರಿಲ್‌ನಲ್ಲಿ ಒಂದು ಸಾಲು ಬರೆದಿದ್ದರು: ವಿಚಾರಣೆ ಮಾಡಲಾಗಿದೆ, ಆರೋಪಕ್ಕೆ ಆಧಾರವಿಲ್ಲ. ಒಳಗೆ ಏನು ನಡೆಯಿತೆಂದು ಇಲ್ಲ. ನನ್ನನ್ನು ಆ ದಿನ ಕರೆದಿದ್ದರು, ನಾನು ಹೊಲದ ಎಲ್ಲೆ ಗುರುತಿಸುವ ಹದ್ದುಬಸ್ತಿಗೆ ಹಳ್ಳಿಗೆ ಹೋಗಬೇಕಾಗಿತ್ತು, ಹೋಗಲಾಗಲಿಲ್ಲ. ಒಂದೇ ಸಾಲಿನಲ್ಲಿ ಮುಗಿಸಿದ್ದಾರೆಂದರೆ ಏನೋ ಮುಚ್ಚಿದ್ದಾರೆ ಎಂದುಕೊಂಡೆ.

ಹೋದ ಭಾನುವಾರ ನಿಮ್ಮ ಭಾಲ್ಕಿಯಲ್ಲೇ ಸ್ನೇಹದ ಟೂರ್ನಿ ಇತ್ತು. ನೀನು ಬರಲಿಲ್ಲ, ಬಾಗಿಲ ಕಡೆ ನೋಡುತ್ತಲೇ ಇದ್ದೆ. ಸೆಮಿಫೈನಲ್ಲಿನಲ್ಲಿ ವರದಾಳ ಜೋಡಿ ಸಿಕ್ಕಿತು. ನನಗೋ ಹೊಸ ಜೊತೆಗಾತಿ, ಹೊಸ ಸನ್ನೆ. ಮೊದಲ ಗೇಮಿನಲ್ಲಿ ನನ್ನ ಆರು ಸರ್ವಿನಲ್ಲಿ ಐದಕ್ಕೆ ಅವಳು ಮೊದಲೇ ಸಿದ್ಧಳಾಗಿ ನಿಂತಿದ್ದಳು. ಎರಡನೇ ಗೇಮಿನಲ್ಲಿ ನನ್ನ ಸರ್ವ್ ಅವಳ ಜೊತೆಗಾತಿಗೆ ಹೋಗುತ್ತಿತ್ತು, ಮೂರನೆಯದರಲ್ಲಿ ಮತ್ತೆ ಅವಳಿಗೇ ಬರುವುದಿತ್ತು.

ನಾಚಿಕೆ ಬಿಟ್ಟು ಹೇಳುತ್ತೇನೆ. ಗೇಮಿನ ನಡುವೆ ನೀರು ಕುಡಿಯುವಾಗ ನಾನು ಸಿದ್ದೇಶ್ವರಿಯ ಮುಖ ನೋಡಿದೆ. ವರದಾಳ ಕೈ ನೀನು ಹಿಡಿದದ್ದನ್ನು ನನಗೆ ಬಂದು ಹೇಳಿದವಳು ಇವಳೇ. ನಿನ್ನ ಜಾಗ ಸಿಕ್ಕಿದ್ದೂ ಇವಳಿಗೇ. ಎರಡನ್ನೂ ಸೇರಿಸಿ ನೋಡಿದೆ, ಬಾಯಿಗೂ ಬಂತು: "ಯಾರ ಮುಂದ ಹೇಳೀಯವ್ವಾ?" ಆಕೆ ಬಾಟಲಿ ಕೆಳಗಿಟ್ಟು ಹೇಳಿದಳು: "ಅಕ್ಕಾರ, ಅತಿಯಾ ಆಯ್ತು, ಈಗ ನನ್ನ ಪಾಳಿಯೇನ್ರಿ? ಹಂಗಾದ್ರ ಒಂದು ಮಾಡ್ರಿ. ಈ ಗೇಮಿನ್ಯಾಗ ನನಗೂ ಸನ್ನಿ ಮಾಡಬ್ಯಾಡ್ರಿ. ನಿಮ್ಮ ಮನಸ್ಸಿನ್ಯಾಗೇ ಇಟ್ಟುಕೊಂಡು ಸರ್ವ್ ಮಾಡ್ರಿ."

ಹಾಗೇ ಮಾಡಿದೆ. ಸನ್ನೆಯಿಲ್ಲ, ಮಾತಿಲ್ಲ. ಚೆಂಡು ಅಂಗೈಯಲ್ಲಿಟ್ಟುಕೊಂಡ ಮೇಲೆ ಮನಸ್ಸಿನಲ್ಲಿ ಗಿಡ್ಡ ಎಂದುಕೊಂಡೆ. ವರದಾ ಒಂದು ಹೆಜ್ಜೆ ಒಳಗೆ ಬಂದಳು. ಉದ್ದ ಎಂದುಕೊಂಡೆ, ಹಿಂದೆ ಸರಿದಳು.

ಈಗ ಯಾರ ಮೇಲೆ ಸಂಶಯಪಡಲಿ? ಗುಟ್ಟು ಗೊತ್ತಿದ್ದದ್ದು ನನಗೊಬ್ಬಳಿಗೇ. ಮೂರು ದಿನದಿಂದ ಊಟ ಸೇರುತ್ತಿಲ್ಲ. ಈ ಕಾಗದ ಯಾಕೆ ಬರೆಯುತ್ತಿದ್ದೇನೆಂದು ಗೊತ್ತಿಲ್ಲ. ಬೇರೆ ಯಾರಿಗೆ ಬರೆಯಲಿ ಎನ್ನುವುದೂ ಗೊತ್ತಿಲ್ಲ.

ನಲಿನಿ


ಔರಾದ
8 ಜುಲೈ 2024

ಅತಿಯಾ,

ಕಳ್ಳ ಸಿಕ್ಕ.

ವರದಾ ನಿಲ್ಲುವ ಜಾಗದಲ್ಲಿ ಭಾಲಚಂದ್ರರನ್ನು ನಿಲ್ಲಿಸಿದೆ. ಅವರಿಗೆ ಬ್ಯಾಟಿನ ಹಿಡಿ ಯಾವುದು, ತುದಿ ಯಾವುದು ಎಂದೂ ಗೊತ್ತಿಲ್ಲ, ನಿನಗೆ ಗೊತ್ತೇ ಇದೆ. ನಾನು ಸರ್ವ್ ಮಾಡುತ್ತ ಹೋದೆ. ಹತ್ತು ಆಗುವುದರೊಳಗೆ ಅವರು ಕೈಕಟ್ಟಿ ನಿಂತಲ್ಲೇ ಶುರುಮಾಡಿದರು: "ಇದು ಗಿಡ್ಡ ಬೀಳ್ತದ. ಇದೂ ಗಿಡ್ಡ. ಇದು ಉದ್ದ." ಒಂದೂ ತಪ್ಪಲಿಲ್ಲ. ಬ್ಯಾಟನ್ನು ಟೇಬಲಿನ ಮೇಲೆ ಕುಕ್ಕಿ, ನಿಮಗೆ ಯಾರು ಹೇಳಿದರು ಎಂದು ಕೇಳಿದೆ. ಅವರ ಮೇಲೂ ಸಂಶಯಪಟ್ಟೆ ಎಂದು ಬೇರೆ ಹೇಳಬೇಕೆ? "ಯಾರು ಹೇಳಬೇಕು? ನಿನ್ನ ಬಲ ಹೆಗಲು ಮ್ಯಾಲ ಹೋದಾಗೆಲ್ಲಾ ಗಿಡ್ಡ ಬೀಳ್ತದ. ಇಡೀ ಬೀದರಕ್ಕ ಕಾಣಸ್ತದ" ಎಂದರು.

ಹೆಗಲು ಯಾಕೆ ಮೇಲೆ ಹೋಗುತ್ತದೆ? ಮರುದಿನ ಒಂದು ಡಬ್ಬಿ ರಂಗೋಲಿ ಪುಡಿ ಒಯ್ದು, ನಾನು ನಿಲ್ಲುವ ಜಾಗದಲ್ಲಿ ತೆಳ್ಳಗೆ ಉದುರಿಸಿ, ಬರಿಗಾಲಲ್ಲಿ ನಿಂತೆ. ಒಂದು ಸರ್ವ್, ಹೆಜ್ಜೆಯ ಗುರುತು ನೋಡುವುದು, ಅಳಿಸುವುದು, ಮತ್ತೆ ಉದುರಿಸುವುದು. ಹೊಲದಲ್ಲಿ ಇಷ್ಟು ನಿಷ್ಠೆಯಿಂದ ಕೆಲಸ ಮಾಡಿದ್ದರೆ ಇಷ್ಟರಲ್ಲಿ ಬಡ್ತಿ ಸಿಗುತ್ತಿತ್ತು. ನಲವತ್ತು ಸರ್ವ್ ಆದ ಮೇಲೆ ಸಂಶಯ ಉಳಿಯಲಿಲ್ಲ. ಉದ್ದನೆಯ ಸರ್ವ್ ಮಾಡುವಾಗ ಬಲಗಾಲಿನ ಪೂರ್ತಿ ಗುರುತು ಬೀಳುತ್ತದೆ. ಗಿಡ್ಡ ಸರ್ವ್ ಮಾಡುವಾಗ ಮುಂಗಾಲಿನ ಗುರುತಷ್ಟೇ. ಚೆಂಡು ಮೇಲೆ ಎಸೆಯುವ ಮುಂಚೆಯೇ ಹಿಂದಿನ ಕಾಲಿನ ಹಿಮ್ಮಡಿ ಏಳುತ್ತದೆ, ಅದು ಎದ್ದರೆ ಹೆಗಲೂ ಏಳುತ್ತದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಆರು ತಿಂಗಳು ನಾನು ಊರಿನವರ ಹೆಗಲನ್ನೆಲ್ಲ ಮುಟ್ಟಿ ನೋಡಿದೆ.

ನಿನ್ನ ಮೇಲೆ ಹೊರಿಸಿದ್ದು ಸುಳ್ಳು. ತಪ್ಪಾಯಿತು ಎಂದು ಬರೆಯುತ್ತಿದ್ದೇನೆ. ಒಂದೇ ಸಲ ಬರೆದರೆ ಸಾಲದೆಂದು ಗೊತ್ತಿದೆ.

ಆದರೆ ಒಂದು ಮಾತು ಕೇಳದೆ ಇರಲಾರೆ. ಎದುರು ನಿಂತವರಿಗೆ ಕಾಣುವುದು ಹೆಗಲು. ನನ್ನ ಹಿಂದೆ ಎಡಕ್ಕೆ ನಿಂತವರಿಗೆ ಹಿಮ್ಮಡಿಯೇ ಕಣ್ಣಿಗೆ ಹೊಡೆಯುತ್ತದೆ. ಸಿದ್ದೇಶ್ವರಿಯನ್ನು ಅಲ್ಲಿ ನಿಲ್ಲಿಸಿ ಕೇಳಿದೆ, "ಕಾಣಸ್ತದಲ್ರೀ ಅಕ್ಕಾರ, ನಾನು ಅದು ಸ್ಟೈಲ್ ಅಂದ್ಕೊಂಡಿದ್ದೆ" ಎಂದಳು. ಆಕೆಗೆ ನಾಲ್ಕು ತಿಂಗಳಲ್ಲಿ ಕಂಡದ್ದು ನಿನಗೆ ಒಂಬತ್ತು ವರ್ಷ ಕಾಣಲಿಲ್ಲವೇ? ಕಂಡಿದ್ದರೆ ಯಾಕೆ ಹೇಳಲಿಲ್ಲ?

ನೋಡು, ಕ್ಷಮೆ ಕೇಳುವ ಕಾಗದದಲ್ಲೂ ನನ್ನ ಬುದ್ಧಿ ಹೀಗೆ ಹೋಗುತ್ತದೆ.

ನಲಿನಿ


ಭಾಲ್ಕಿ
21 ಜುಲೈ 2024

ನಲಿನಿ ಅಕ್ಕನವರಿಗೆ ಸಲಾಂ.

ಈ ಸಲ ಉದ್ದ ಬರೆಯಬೇಕಾಗಿದೆ. ಹಗಲು ಬೆಳಕಿನಲ್ಲೇ ಮುಗಿಸಬೇಕು, ಯಾಕೆಂದು ಓದುತ್ತ ತಿಳಿಯುತ್ತದೆ.

ಹೌದು, ಕಂಡಿತ್ತು. ನಾವು ಆಡಲು ಶುರುಮಾಡಿದ ಎರಡನೇ ತಿಂಗಳಲ್ಲೇ ಕಂಡಿತ್ತು. ಹಿಮ್ಮಡಿ ಎದ್ದರೆ ಗಿಡ್ಡ, ಕೂತರೆ ಉದ್ದ. ನಿಮ್ಮ ಬೆರಳನ್ನು ನಾನು ಒಂದು ದಿನವೂ ನೋಡಿಲ್ಲ ಅಕ್ಕಾ. ನೋಡಿದರೆ ಕಾಣುವುದಿಲ್ಲ. ನನಗೆ ಇರುಳುಗಣ್ಣು. ಹುಟ್ಟಿನಿಂದ ಇದೆ, ನಮ್ಮ ಅಮ್ಮಿ ರತೌಂಧಿ ಎನ್ನುತ್ತಿದ್ದಳು. ಬೆಳಕಿದ್ದರೆ ಗುಳಿಗೆಯ ಪಟ್ಟಿಯ ಮೇಲಿನ ಸಣ್ಣ ಅಕ್ಷರವನ್ನೂ ಓದುತ್ತೇನೆ. ಮಬ್ಬಾದರೆ ನನಗೆ ಗೋಡೆಯೂ ಒಂದೇ, ಬಾಗಿಲೂ ಒಂದೇ. ಹಾಲಿನ ದೀಪದ ಕೆಳಗೆ ಚೆಂಡು ಚೆನ್ನಾಗಿ ಕಾಣುತ್ತದೆ. ಟೇಬಲಿನ ಕೆಳಗಿನ ನೆರಳಿನಲ್ಲಿ ನಿಮ್ಮ ಕೈ ಇದೆಯೋ ಇಲ್ಲವೋ ಅದೂ ತಿಳಿಯುವುದಿಲ್ಲ. ನಿಮ್ಮ ಬಿಳಿ ಬೂಟಿನ ಹಿಮ್ಮಡಿ ಮಾತ್ರ ಬೆಳಕಿನಲ್ಲಿ ಇರುತ್ತಿತ್ತು.

ಐದರ ಬಸ್ಸು ಅದಕ್ಕೇ. ಎರಡು ವರ್ಷದ ಹಿಂದೆ ಒಂದು ಭಾನುವಾರ ಆ ಬಸ್ಸು ಬರಲೇ ಇಲ್ಲ. ಕತ್ತಲಾಗುವ ಹೊತ್ತಿಗೆ ಬಸ್‌ಸ್ಟ್ಯಾಂಡಿನ ಕಂಬ ಹಿಡಿದು ನಿಂತಿದ್ದೆ, ಯಾವುದು ಭಾಲ್ಕಿ ಬಸ್ಸೆಂದು ಕೇಳುತ್ತಿದ್ದೆ. ವರದಾ ನೋಡಿದಳು. "ಯಾಕ ಅತಿಯಾ, ಬೋರ್ಡ್ ಕಾಣಸಂಗಿಲ್ಲೇನು?" ಎಂದಳು. ಅಂದಿನಿಂದ ತಡವಾದ ದಿನ ಅವಳು ಕೈ ಹಿಡಿದು ಬಸ್ಸಿಗೆ ಹತ್ತಿಸುತ್ತಾಳೆ. ಯಾರಿಗೂ ಹೇಳಬೇಡ ಎಂದಿದ್ದೆ, ಹೇಳಲಿಲ್ಲ. ಆಟದ ಮಾತು ನಾವು ಒಂದು ದಿನವೂ ಆಡಿಲ್ಲ.

ನಿಮಗೆ ಯಾಕೆ ಹೇಳಲಿಲ್ಲ? ನನಗಿಂತ ಮೊದಲು ನಿಮ್ಮ ಜೊತೆಗೆ ಆಡುತ್ತಿದ್ದವರು ಮುನವ್ವರ ಬೇಗಂ. ಮೊಣಕಾಲು ನೋಯುತ್ತಿದೆ ಎಂದು ಅವರು ಹೇಳಿದ ವಾರವೇ ನೀವು ನನ್ನನ್ನು ಕರೆದಿರಿ. ಮೊಣಕಾಲಿಗೆ ಒಂದು ವಾರವಾದರೆ ಕಣ್ಣಿಗೆ ಎಷ್ಟು ದಿನ ಎಂದು ಲೆಕ್ಕ ಹಾಕಿದೆ.

ಇಲ್ಲಿಯವರೆಗೆ ಬರೆದದ್ದರಲ್ಲಿ ನನ್ನ ತಪ್ಪು ಸಣ್ಣದು. ದೊಡ್ಡದು ಈಗ ಬರುತ್ತದೆ. ಫೈನಲ್ಲಿನ ಮೂರನೇ ಗೇಮಿನಲ್ಲೇ ನನಗೆ ತಿಳಿಯಿತು, ವರದಾ ನಿಮ್ಮ ಹೆಗಲು ಓದುತ್ತಿದ್ದಾಳೆ ಎಂದು. ಗೇಮಿನ ನಡುವೆ ನೀವು ಬೆವರು ಒರೆಸಿಕೊಳ್ಳುತ್ತ ನನ್ನ ಪಕ್ಕದಲ್ಲೇ ಕೂತಿದ್ದಿರಿ. ಅಕ್ಕಾ, ಹಿಮ್ಮಡಿ ಎತ್ತಬೇಡಿ ಎಂದರೆ ಸಾಕಿತ್ತು. ನೀವು ಎತ್ತದಿದ್ದರೆ ನಾನು ಕುರುಡಿ. ಬಾಯಿ ತೆರೆದು ಮತ್ತೆ ಮುಚ್ಚಿದೆ. ಒಂಬತ್ತು–ಒಂಬತ್ತರಲ್ಲಿ ಸೋತದ್ದು ನಿಮ್ಮ ಸರ್ವಿನಿಂದಲ್ಲ, ನನ್ನ ಬಾಯಿಯಿಂದ. ನೀವು ನನ್ನ ಮೇಲೆ ಸಂಶಯಪಟ್ಟದ್ದು ಪೂರ್ತಿ ಸುಳ್ಳಲ್ಲ. ಅದಕ್ಕೇ ಆಣೆ ಇಡಲಿಲ್ಲ.

ಇನ್ನು ವಿಚಾರಣೆ. ಏಪ್ರಿಲ್ ಒಂದನೇ ತಾರೀಖು, ರಂಜಾನ್ ತಿಂಗಳು, ನನಗೆ ರೋಜಾ ಇತ್ತು. ಮೂರು ಗಂಟೆಗೆ ಎಂದಿದ್ದರು, ಕರೆದದ್ದು ಆರಕ್ಕೆ. ಒಂಬತ್ತು ಜನ ಕೂತಿದ್ದರು. ಅಧ್ಯಕ್ಷರು ಕೇಳಿದರು: "ಯಾಕಮ್ಮಾ, ಸೋತಮ್ಯಾಲ ಎದುರು ಪಾರ್ಟಿ ಕೈ ಯಾಕ ಹಿಡದ್ರಿ?" ಹೇಳಲಾರೆ ಎಂದೆ. ಹಾಗಾದರೆ ಇಬ್ಬರ ಹೆಸರನ್ನೂ ಕೂಟದಿಂದ ತೆಗೆಯುತ್ತೇವೆ ಎಂದರು. ವರದಾ ನನ್ನ ಕಡೆ ನೋಡಿದಳು. ಅವಳ ಹೆಸರು ಹೋಗಬಾರದಲ್ಲ. "ಕತ್ತಲಾದ್ರ ನನಗ ಕಾಣಂಗಿಲ್ಲರಿ" ಎಂದೆ. ಯಾರೋ ನಕ್ಕರು. ಹೇಳಿಕೆಗೆ ಸಹಿ ಮಾಡಿ ಎಂದು ಕಾಗದ ಮುಂದಿಟ್ಟರು. ಅಷ್ಟರಲ್ಲಿ ಕರೆಂಟು ಹೋಯಿತು. ಉಳಿದವರಿಗೆಲ್ಲ ಕಿಟಕಿಯ ಬೆಳಕು ಸಾಕಿತ್ತು. ನಾನು ಪೆನ್ನು ಹಿಡಿದು ಮೇಜಿನ ಮೇಲೆ ಕಾಗದ ಹುಡುಕಿದೆ. ಈಗ ಯಾರೂ ನಗಲಿಲ್ಲ. ವರದಾ ಎದ್ದು ಬಂದು, ನನ್ನ ಬೆರಳು ಹಿಡಿದು, ಸಹಿ ಮಾಡುವ ಜಾಗದ ಮೇಲೆ ಇಟ್ಟಳು.

ಈಗ ಆಸ್ಪತ್ರೆಯಲ್ಲಿ ಎಲ್ಲರಿಗೂ ಗೊತ್ತು. ಹಗಲು ಹನ್ನೆರಡಕ್ಕೂ ಮೆಟ್ಟಿಲ ಹತ್ತಿರ ಯಾರಾದರೂ ಕೈ ಚಾಚುತ್ತಾರೆ. ಒಳ್ಳೆಯವರು. ಆ ಕೈ ಕಂಡರೆ ನನಗೆ ಅಳು ಬರುತ್ತದೆ.

ಒಂದು ದಿನ ಹೇಳಿದರೆ ನಿಮಗೇ ಮೊದಲು ಹೇಳಬೇಕು ಎಂದುಕೊಂಡಿದ್ದೆ.

ಅತಿಯಾ


ಔರಾದ
15 ಸೆಪ್ಟೆಂಬರ್ 2024

ಪ್ರೀತಿಯ ಅತಿಯಾ,

ನಿನ್ನ ಕಾಗದ ಬಂದು ಏಳು ವಾರವಾಯಿತು. ತಕ್ಷಣ ಬರೆದಿದ್ದರೆ ಬರೀ ಅಳು ಬರೆಯುತ್ತಿದ್ದೆ. ಮೊದಲು ಮಾಡಬೇಕಾದದ್ದನ್ನು ಮಾಡಿ, ಆಮೇಲೆ ಬರೆಯೋಣ ಎಂದುಕೊಂಡೆ.

ಸಮಿತಿಗೆ ಹೋಗಿದ್ದೆ. ನನ್ನ ದೂರು ಸುಳ್ಳು, ಸೋಲಿಗೆ ಕಾರಣ ನನ್ನ ನಿಲುವಿನ ದೋಷ, ಅತಿಯಾ ಮತ್ತು ವರದಾ ಇಬ್ಬರಲ್ಲೂ ಕ್ಷಮೆ ಕೇಳುತ್ತೇನೆ ಎಂದು ಬರೆದು ಕೊಟ್ಟೆ. ಅಧ್ಯಕ್ಷರು ಮಡಚಿ ಜೇಬಿಗೆ ಹಾಕಿಕೊಳ್ಳಲು ಹೋದರು. ಓದಿರಿ, ಗಟ್ಟಿಯಾಗಿ ಓದಿರಿ ಎಂದೆ. ಒಂಬತ್ತೂ ಜನರ ಮುಂದೆ ಓದಿಸಿದೆ, ನಿಂತುಕೊಂಡೇ ಕೇಳಿದೆ. ನಿನಗೆ ಆದದ್ದಕ್ಕೆ ಇದು ಸಮ ಅಲ್ಲ, ಗೊತ್ತಿದೆ. ಅಂದು ಹಳ್ಳಿಗೆ ಹೋಗದೆ ನಾನು ಅಲ್ಲಿಗೆ ಬಂದಿದ್ದರೆ ನಿನ್ನ ಬೆರಳನ್ನು ಹಿಡಿಯಲು ಇನ್ನೊಬ್ಬರು ಬೇಕಾಗುತ್ತಿರಲಿಲ್ಲ. ಹಳ್ಳಿಗೆ ಮರುದಿನವೂ ಹೋಗಬಹುದಿತ್ತು, ಅದನ್ನೂ ಹೇಳಿಬಿಡುತ್ತೇನೆ. ನಿನ್ನ ಮುಖ ನೋಡಲು ಹೆದರಿ ಹೋದೆ.

ಮುನವ್ವರ ಬೇಗಂ ಅವರ ಮನೆಗೂ ಹೋದೆ. ಅವರು ಬಾಗಿಲಲ್ಲೇ ನಿಂತು, "ಹತ್ತು ವರ್ಷ ಆದಮ್ಯಾಲ ಮೊಣಕಾಲು ಕೇಳ್ಲಾಕ ಬಂದೀಯೇನು? ಬಾ ಒಳಗ, ಚಾ ಕುಡಿ" ಎಂದರು. ಚಹಾ ಕುಡಿದು, ತಪ್ಪಾಯಿತು ಎಂದು ಹೇಳಿ ಬಂದೆ.

ಈಗ ಆಟದ ಮಾತು. ದಿನಾ ನೂರು ಸರ್ವ್ ಮಾಡಿ ಹಿಮ್ಮಡಿಯನ್ನು ಕೂರಿಸಿದೆ. ಪಾದಗಳ ನಡುವೆ ಹೆಗಲಿನಷ್ಟು ಅಂತರ, ಮೊಣಕಾಲು ಸ್ವಲ್ಪ ಬಗ್ಗಿಸಿ, ಭಾರ ಎರಡೂ ಕಾಲಿನ ಮೇಲೆ. ಭಾಲಚಂದ್ರರಿಗೆ ಈಗ ಗಿಡ್ಡ ಉದ್ದ ಹೇಳಲು ಬರುವುದಿಲ್ಲ. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿನ್ನ ಕಾಗದ ಓದಿದ ಮೇಲೆ ಅದೇ ಹಿಮ್ಮಡಿಯನ್ನು ಮತ್ತೆ ಎತ್ತಲು ಕಲಿತೆ, ಈ ಸಲ ಹೆಗಲು ಕದಲದಂತೆ. ಕಷ್ಟ ಕಣೆ, ಹೊಟ್ಟೆ ಬಿಗಿಹಿಡಿಯಬೇಕು, ಬೆನ್ನು ಹಿಡಿದುಕೊಂಡಿತು. ಆಮೇಲೆ ಎದುರಾಳಿಯ ಕಣ್ಣಿನ ಎತ್ತರದಿಂದ ನನ್ನ ಹಿಮ್ಮಡಿಯವರೆಗೆ ದಾರ ಎಳೆದು ನೋಡಿದೆ. ದಾರ ಟೇಬಲಿಗೆ ತಾಗುತ್ತದೆ. ಅಂದರೆ ಎದುರಿನವರಿಗೆ ನನ್ನ ಹಿಮ್ಮಡಿ ಕಾಣುವುದೇ ಇಲ್ಲ, ನಿನಗೆ ಮಾತ್ರ ಕಾಣುತ್ತದೆ. ಎದ್ದರೆ ಗಿಡ್ಡ, ಕೂತರೆ ಉದ್ದ, ಹೊರಗೆ ತಿರುಗಿದರೆ ಪಕ್ಕಕ್ಕೆ ಹೊರಳುವ ಸರ್ವ್. ಬಿಳಿ ಬೂಟೇ ಹಾಕುತ್ತೇನೆ.

ಸಿದ್ದೇಶ್ವರಿಗೆ ಹೇಳಿದೆ. "ನೀವು ಇಬ್ಬರೇ ಆಡ್ರಿ ಅಕ್ಕಾರ, ನಿಮ್ಮ ಪಕ್ಕದಾಗ ನಿಂತು ನನಗೂ ಸಾಕಾಗ್ಯದ" ಎಂದಳು. ಅಕ್ಟೋಬರ್ ಹತ್ತರೊಳಗೆ ಹೆಸರು ಕೊಡಬೇಕು. ಫಾರಂ ತಂದಿಟ್ಟಿದ್ದೇನೆ, ನನ್ನ ಹೆಸರು ಬರೆದಿದ್ದೇನೆ. ಕೆಳಗಿನ ಗೆರೆ ಖಾಲಿ ಇದೆ.

ನಿನ್ನ
ನಲಿನಿ


ಭಾಲ್ಕಿ
29 ಸೆಪ್ಟೆಂಬರ್ 2024

ನಲಿನಿ ಅಕ್ಕನಿಗೆ ಸಲಾಂ.

ಸಮಿತಿಯಲ್ಲಿ ನಿಂತು ಓದಿಸಿದ್ದನ್ನು ವರದಾ ಫೋನಿನಲ್ಲಿ ಹೇಳಿದಳು. ಓದಿ ಮುಗಿಯುವವರೆಗೂ ನೀವು ಕೂರಲಿಲ್ಲವಂತೆ. ಕೇಳಿ ನನಗೆ ಸಂತೋಷವಾಗಲಿಲ್ಲ. ಕ್ಷಮಿಸಿದ್ದೇನೆ ಅಕ್ಕಾ. ನೀವೂ ನನ್ನನ್ನು ಕ್ಷಮಿಸಿ. ಆ ಬೆಂಚಿನ ಮೇಲೆ ನಾನು ಬಾಯಿ ತೆರೆದಿದ್ದರೆ ಇದಾವುದೂ ಆಗುತ್ತಿರಲಿಲ್ಲ.

ನೀವು ಬರೆದ ಹಿಮ್ಮಡಿಯ ಸನ್ನೆಯನ್ನು ಪರೀಕ್ಷೆ ಮಾಡಿದೆ. ನಮ್ಮ ಅಣ್ಣನ ಮಗಳು ರುಖ್ಸಾರ ಈಗ ಚೆನ್ನಾಗಿ ಆಡುತ್ತಾಳೆ. ಅವಳಿಗೆ ಕಲಿಸಿ ಸರ್ವ್ ಮಾಡಿಸಿದೆ, ಚೆಂಡು ತಿರುಗಿಸಲು ಎದುರಿಗೆ ಅವಳ ಗೆಳತಿಯನ್ನು ನಿಲ್ಲಿಸಿದೆ, ನಾನು ನಿಮ್ಮ ಪಕ್ಕದಲ್ಲಿ ನಿಲ್ಲುವಂತೆ ಹಿಂದೆ ಎಡಕ್ಕೆ ನಿಂತೆ. ಎದ್ದರೆ ಗಿಡ್ಡ, ಕೂತರೆ ಉದ್ದ. ಮೂವತ್ತು ಚೆಂಡಿನಲ್ಲಿ ಎರಡೇ ತಪ್ಪಿದವು. ಒಂಬತ್ತು ವರ್ಷದಲ್ಲಿ ನಾನು ಇಷ್ಟು ಚೆನ್ನಾಗಿ ಮೂರನೇ ಚೆಂಡು ಹೊಡೆದಿಲ್ಲ. ನಿಮ್ಮ ಲೆಕ್ಕ ಸರಿ ಇದೆ, ನಿಮ್ಮ ದಾರವೂ ಸರಿ ಇದೆ.

ಆಮೇಲೆ ರುಖ್ಸಾರಗೆ, ನಾನು ಹೇಳುವವರೆಗೆ ಸರ್ವ್ ಮಾಡಬೇಡ ಎಂದು ಹೇಳಿ, ಅಲ್ಲಿ ನಿಂತಿರುವುದು ನೀವು ಎಂದುಕೊಂಡೆ. ನಿಮ್ಮ ಬೂಟು, ನಿಮ್ಮ ಬೆನ್ನು, ಒಂಬತ್ತು–ಒಂಬತ್ತು. ಹೊಡಿ ಎಂದೆ. ಹಿಮ್ಮಡಿ ಎದ್ದಿತು, ಕಣ್ಣಿಗೆ ಸ್ಪಷ್ಟವಾಗಿ ಕಂಡಿತು. ಕಂಡ ಮೇಲೆ ಮನಸ್ಸಿಗೆ ಬಂದದ್ದು ಗಿಡ್ಡ ಸರ್ವ್ ಎಂದಲ್ಲ. ಇದನ್ನು ನಾನು ತಪ್ಪಿಸಿದರೆ ಅಕ್ಕ ಈ ಸಲ ಏನೆಂದು ಬರೆಯುತ್ತಾರೆ ಎಂದು. ಅಷ್ಟರಲ್ಲಿ ಚೆಂಡು ನನ್ನನ್ನು ದಾಟಿ ಗೋಡೆಗೆ ಬಡಿದಿತ್ತು. ಇನ್ನೊಮ್ಮೆ ಮಾಡಿಸಿದೆ. ಮತ್ತೆ ಅದೇ. ಹತ್ತು ಸಲ ಮಾಡಿಸಿದೆ. ರುಖ್ಸಾರ, "ಫೂಫೀ, ಯಾಕ ನಿಂತಬಿಡ್ತೀರಿ? ಕಾಣಲಿಲ್ಲೇನು?" ಎಂದಳು. ಕಂಡಿತ್ತು. ಕಣ್ಣಿನದೇ ತಕರಾರಾಗಿದ್ದರೆ ನಿಮ್ಮ ದಾರದಿಂದ ಸರಿಹೋಗುತ್ತಿತ್ತು.

ನಿಮಗಿದ್ದ ರೋಗ ಈಗ ನನಗೆ ಬಂದಿದೆ ಅಕ್ಕಾ. ಮೊದಲು ನಾನು ನಿಮ್ಮ ಹಿಮ್ಮಡಿಯನ್ನು ಮಾತ್ರ ನೋಡುತ್ತಿದ್ದೆ, ನಿಮ್ಮ ಮನಸ್ಸು ನೋಡಬೇಕಾಗಿರಲಿಲ್ಲ. ಅರ್ಧ ಕ್ಷಣ ನಿಮ್ಮ ಮನಸ್ಸಿನ ಕಡೆ ನೋಡಿದರೆ ಚೆಂಡು ಸಿಗುವುದಿಲ್ಲ. ಡಬಲ್ಸಿನಲ್ಲಿ ಆ ಅರ್ಧ ಕ್ಷಣ ಎಲ್ಲಿಂದ ತರಲಿ?

ಆ ಗೆರೆಯ ಮೇಲೆ ಸಿದ್ದೇಶ್ವರಿಯ ಹೆಸರು ಬರೆಯಿರಿ. ಅವಳು ಜಗಳವಾಡಿಯೂ ನಿಮ್ಮ ಪಕ್ಕದಲ್ಲಿ ನಿಂತಳು. ಅವಳಿಗೆ ನಿಮ್ಮ ಹೆದರಿಕೆ ಇಲ್ಲ.

ಅಕ್ಟೋಬರ್ ಆರು ಭಾನುವಾರ. ಮನೆಗೆ ಊಟಕ್ಕೆ ಬನ್ನಿ, ಭಾಲಚಂದ್ರ ಅಣ್ಣನವರನ್ನೂ ಕರೆದುಕೊಂಡು ಬನ್ನಿ. ನಿಮಗಾಗಿ ಬೇರೆ ಪಾತ್ರೆಯಲ್ಲಿ ಬದನೆಕಾಯಿ ಮಾಡಿಸುತ್ತೇನೆ. ಕತ್ತಲಾಗುವವರೆಗೂ ಕೂತಿರಿ. ಬ್ಯಾಟು ತರಬೇಡಿ.

ಅತಿಯಾ